ಲೇಹದಲ್ಲಿ ಅರೆದ ಮಾತ್ರೆ

ಅಮೆರಿಕದ ಕೆಂಟಕಿಯ ಕಲ್ಲಿದ್ದಲ ಬೆಟ್ಟಗಳ ನಡುವಿನ ಕಣಿವೆಗಳಲ್ಲಿ ಮಾತ್ರೆ ನುಂಗಲಾರದವರಿಗೆ ಒಂದೇ ಉಪಾಯ. ಎರಡು ಚಮಚಗಳ ನಡುವೆ ಇಟ್ಟು ಅರೆಯುವುದು, ಸೇಬಿನ ಲೇಹದಲ್ಲಿ ಕಲಸಿ ಕೊಡುವುದು. ಮಗುವಿನ ಜ್ವರಕ್ಕೂ ಹಾಗೆ, ಮುದುಕರ ರಕ್ತದೊತ್ತಡಕ್ಕೂ ಹಾಗೆ. ತಾಮ್ರದ ಹಂಡೆಯಲ್ಲಿ ಕಾಸಿದ ಲೇಹ ಇಲ್ಲದ ಮನೆಯಿಲ್ಲ.

ಆ ದಿನ ಡೆಲ್ಫಿಯಾ ಅದನ್ನೇ ಮಾಡುತ್ತಿದ್ದಳು. ಅವಳ ಮಾವ ಹೋಬರ್ಟ್ ಬೆಳಗಿನಿಂದ ಬೆನ್ನುನೋವೆಂದು ನರಳುತ್ತಿದ್ದರು. ಜೀವಮಾನವೆಲ್ಲ ಗಣಿಯಲ್ಲಿ ಮಂಡಿಯೂರಿ ದುಡಿದವರು. ಬೆನ್ನು ಹೋಗಿತ್ತು; ಕಲ್ಲಿದ್ದಲ ದೂಳು ತುಂಬಿ ಶ್ವಾಸಕೋಶವೂ ಹೋಗಿತ್ತು. ಮೂಗಿಗೆ ಆಮ್ಲಜನಕದ ನಳಿಕೆ. ಡೆಲ್ಫಿಯಾಳ ಗಂಡ ವರ್ಜಿಲ್‌ಗೆ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ಮನೆಯಲ್ಲೇ ಇತ್ತು. ಮಗನ ಮಾತ್ರೆ ಅಪ್ಪನಿಗೆ ಆಗದೇ?

ಬಾಗಿಲಲ್ಲಿ ನೆರೆಮನೆಯ ಟ್ರೆಸ್ಸಿ ನಿಂತಿದ್ದಳು. ಕೈಯಲ್ಲಿ ಡೆಲ್ಫಿಯಾಳ ಗಾಜಿನ ಪಾತ್ರೆ. ಟ್ರೆಸ್ಸಿಯ ಗಂಡ ಡೆನ್ವರ್ ಸತ್ತಾಗ ಡೆಲ್ಫಿಯಾ ಅದರಲ್ಲಿ ಹುರುಳಿಕಾಯಿ ಬೇಯಿಸಿ ಕೊಟ್ಟಿದ್ದಳು. ತಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ಹಾಗೇ ಇತ್ತು.

"ಖಾಲಿ ತಂದಿದೀನಿ ಅಕ್ಕ. ಬೇಜಾರು ಮಾಡ್ಕೋಬೇಡಿ."

"ಅದಕ್ಕೇನಂತೆ. ಕೂತ್ಕೋ, ಕಾಫಿ ಇದೆ."

ಟ್ರೆಸ್ಸಿ ಕೂರಲಿಲ್ಲ. ಚಮಚವನ್ನೇ ನೋಡುತ್ತಿದ್ದಳು. "ಏನು ಅರೀತಿರೋದು?"

"ವರ್ಜಿಲ್‌ನ ನೋವಿನ ಮಾತ್ರೆ. ಮಾವನಿಗೆ ಇಡಿಯಾಗಿ ಗಂಟಲಲ್ಲಿ ಇಳಿಯಲ್ಲ."

ಟ್ರೆಸ್ಸಿ ಬಂದು ಲೇಹದ ಬಟ್ಟಲನ್ನು ಅಂಗೈಯಿಂದ ಮುಚ್ಚಿದಳು. "ಕೊಡಬೇಡಿ."

"ಏ ಹುಡುಗಿ," ಹೋಬರ್ಟ್ ಕುರ್ಚಿಯಿಂದಲೇ ಗದರಿದರು, "ಮುದುಕನ ಬಾಯಿಂದ ಲೇಹ ಕಿತ್ಕೋತೀಯಾ? ಬೆಟ್ಟಾನೇ ತಲೆ ಮೇಲೆ ಇಟ್ಕೊಂಡು ಬದುಕಿದವನು ನಾನು. ಬೆಟ್ಟ ಕೊಲ್ಲಲಿಲ್ಲ, ಚಮಚ ಕೊಲ್ಲುತ್ತಾ?"

"ಡೆನ್ವರ್‌ನೂ ಬೆಟ್ಟ ಕೊಲ್ಲಲಿಲ್ಲ ಅಜ್ಜ."

ಪಾಳಿಗೆ ಹೊರಟಿದ್ದ ವರ್ಜಿಲ್ ಊಟದ ಡಬ್ಬಿ ಹಿಡಿದು ಒಳಗೆ ಬಂದ. "ಡೆನ್ವರ್ ವಿಷಯ ಬೇರೆ, ಟ್ರೆಸ್ಸಿ. ಅವನಿಗೆ ಚಟ ಇತ್ತು ಅಂತ ಊರಿಗೇ ಗೊತ್ತು. ಇದು ಡಾಕ್ಟ್ರು ಬರ್ಕೊಟ್ಟಿದ್ದು, ಬೀದಿ ಮಾಲಲ್ಲ."

"ಅವನಿಗೂ ಡಾಕ್ಟ್ರೇ ಬರ್ಕೊಟ್ಟಿದ್ದು. ನಮ್ಮನೇಲಿರೋ ಸೀಸೆ ಮೇಲೆ ಅವನದೇ ಹೆಸರಿದೆ. ಮೇಜಿನ ಮೇಲಿರೋ ಇದೇ ಮಾತ್ರೆ."

"ಮತ್ತೆ ಏನಾಯ್ತು?" ಎಂದಳು ಡೆಲ್ಫಿಯಾ. ಆ ಮನೆಗೆ ಹುರುಳಿಕಾಯಿ ಒಯ್ದಿದ್ದಳು, ಈ ಪ್ರಶ್ನೆ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಅಗಿದ. ಅಷ್ಟೇ."

ಗಣಿಯೊಳಗೆ ಬೆಂಕಿಕಡ್ಡಿ ಒಯ್ಯುವಂತಿಲ್ಲ. ಸೇದುವವರೆಲ್ಲ ಅಲ್ಲಿ ಹೊಗೆಸೊಪ್ಪು ಅಗಿಯುತ್ತಾರೆ. ಏನು ಕೊಟ್ಟರೂ ಕೆನ್ನೆಗೆ ಸೇರಿಸುವುದು ಗಣಿಯವರ ಅಭ್ಯಾಸ.

"ಅಗಿದ್ರೆ ಬೇಗ ಹತ್ತುತ್ತೆ ಅಂತ ಜೊತೆಗಾರರು ಹೇಳಿದ್ರು. ಮೊದಲು ಒಂದು ಸಾಕಾಗ್ತಿತ್ತು. ಆಮೇಲೆ ಸಾಲಲಿಲ್ಲ. ಒಂದಿನ ಬಿಯರ್ ಕುಡಿದು, ಮಾತ್ರೆ ಅಗಿದು ಮಲಗಿದ. ಜೋರು ಗೊರಕೆ. ದಣಿದಿದಾನೆ, ಮಲಗಲಿ ಅಂತ ಕಂಬಳಿ ಹೊದಿಸಿದೆ." ಟ್ರೆಸ್ಸಿಯ ದನಿ ಏರಲಿಲ್ಲ, ಇಳಿಯಲಿಲ್ಲ. "ಅದು ಗೊರಕೆ ಅಲ್ಲ ಅಕ್ಕ. ಉಸಿರು ಸಿಕ್ಕಿಕೊಂಡ ಸದ್ದು."

ಅವಳು ಹೋಬರ್ಟ್ ಕಡೆ ತಿರುಗಿದಳು.

"ಅಜ್ಜ, ಒಲೆಗೆ ಕಲ್ಲಿದ್ದಲ ಗಟ್ಟಿ ಹಾಕಿ ಬೂದಿ ಮುಚ್ಚಿದ್ರೆ ಎಷ್ಟು ಹೊತ್ತು ಇರುತ್ತೆ?"

"ಬೆಳಗಿನ ತನಕ."

"ಅದೇ ಗಟ್ಟಿ ದೂಳಾಗಿ ಗಾಳೀಲಿ ತುಂಬಿರುವಾಗ ಕಿಡಿ ತಾಗಿದ್ರೆ?"

ಅಂಥದೊಂದು ಸ್ಫೋಟದ ಮರುದಿನ ಗಣಿಯಿಂದ ಹೆಣ ಹೊತ್ತು ತಂದವರು ಆ ಮುದುಕರು. "ಕಣ್ಣು ಮುಚ್ಚೋದರೊಳಗೆ ಎಲ್ಲಾ ಮುಗಿಯುತ್ತೆ," ಎಂದರು.

"ಈ ಮಾತ್ರೇನೂ ಹಾಗೇ. ಹನ್ನೆರಡು ಗಂಟೆ ಹೊತ್ತಿಗೆ ಆಗೋ ಮದ್ದನ್ನ ಒಂದರಲ್ಲೇ ತುಂಬಿರ್ತಾರೆ. ಇಡಿಯಾಗಿ ನುಂಗಿದ್ರೆ ನಿಧಾನ ಬಿಡುತ್ತೆ. ಅರೆದ್ರೆ, ಮುರಿದ್ರೆ, ಅಗಿದ್ರೆ ಅಷ್ಟೂ ಒಟ್ಟಿಗೇ ಇಳಿಯುತ್ತೆ. ಮೈ ಉಸಿರಾಡೋದನ್ನೇ ಮರೆಯುತ್ತೆ. ನಿಮ್ಮಲ್ಲಿ ಇರೋ ಉಸಿರೇ ಎಷ್ಟು?"

ಡೆಲ್ಫಿಯಾ ಚಮಚವನ್ನು ಮೇಜಿನ ಮೇಲಿಟ್ಟಳು. ಆ ಚಮಚ ಇನ್ನೊಂದು ಗಳಿಗೆಗೆ ಮಾವನ ಬಾಯಲ್ಲಿರುತ್ತಿತ್ತು. ಭಯದ ಹಿಂದೆಯೇ ಸಿಟ್ಟು ಬಂತು. "ಮತ್ತೆ ಇದನ್ನ ಯಾರೂ ಯಾಕೆ ಹೇಳ್ಲಿಲ್ಲ?"

"ಹೇಳಿದಾರೆ. ಸೀಸೆ ಹಿಂದೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ. ಡೆನ್ವರ್ ಹೋದ ಮೇಲೆ ಆ ಡಾಕ್ಟ್ರನ್ನೇ ಕೇಳಿದೆ. ಇದು ಚಟ ಹತ್ತಿಸೋದು ಅಪರೂಪ ಅಂತ ಮಾತ್ರೆ ಮಾರೋ ಕಂಪನಿಯವನು ಹೇಳಿದ್ದ ಅಂದ್ರು. ಬಂದಾಗಲೆಲ್ಲ ಆಸ್ಪತ್ರೆಯೋರಿಗೆ ಡೋನಟ್ ತರ್ತಿದ್ನಂತೆ. ಸಾವಿನ ಮನೆಗೆ ನೀವು ಹುರುಳಿಕಾಯಿ ತಂದ್ರಿ. ಅವನು ಏನೂ ತರಲಿಲ್ಲ."

ಮಾರಿದವನಿಗೆ ಲಾಭ, ಸತ್ತವನಿಗೆ ಚಟಗಾರ ಎಂಬ ಹೆಸರು. ಚರ್ಚಿನ ಅಂಗಳದಲ್ಲಿ ಆ ಹೆಸರನ್ನು ತಾನೂ ಆಡಿದ್ದೆ ಎಂಬುದು ಡೆಲ್ಫಿಯಾಳಿಗೆ ನೆನಪಾಯಿತು. ಅವಳು ಗಂಡನನ್ನು ನೋಡಿದಳು. ಅಷ್ಟು ಹೊತ್ತು ಆಡುತ್ತಿದ್ದ ಅವನ ದವಡೆ ನಿಂತಿತ್ತು.

"ವರ್ಜಿಲ್, ಬಾಯಲ್ಲೇನು?"

"ಹೊಗೆಸೊಪ್ಪು."

"ಡಬ್ಬೀಲೇನು?"

ಅವನು ಡಬ್ಬಿ ತೆರೆದು, ಬ್ರೆಡ್ಡಿನ ಕೆಳಗಿಂದ ಕಾಗದದ ಸಣ್ಣ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ಕೆಳಗಿಳಿದ ಮೇಲೆ ಅಗೀತೀನಿ. ಇಲ್ದಿದ್ರೆ ಪಾಳಿ ಮುಗಿಸೋಕಾಗಲ್ಲ." ತಲೆ ಎತ್ತಲಿಲ್ಲ. "ಇವತ್ತಿಗೇ ಬಿಟ್ಬಿಡ್ತೀನಿ."

"ಒಮ್ಮೆಲೇ ಬಿಡಬೇಡಿ," ಎಂದಳು ಟ್ರೆಸ್ಸಿ. "ಮೈ ಹಿಂಡುತ್ತೆ, ತಡೀಲಾರದೆ ಮತ್ತೆ ತಿಂತೀರಿ. ಆಗ ಮೈಗೆ ರೂಢಿ ತಪ್ಪಿರುತ್ತೆ, ಹಳೇ ಅಳತೇನೇ ಕೊಲ್ಲುತ್ತೆ. ಕೌಂಟಿ ಆಸ್ಪತ್ರೇಲಿ ಹೇಳ್ಕೊಳ್ಳಿ. ಬಿಡಿಸೋಕೆ ಔಷಧಿ ಇದೆ. ಅಜ್ಜನ ಬೆನ್ನಿಗೂ ಅವರೇ ಏನಾದ್ರೂ ಕೊಡ್ಲಿ. ಗಾಡಿ ನಾನು ಓಡಿಸ್ತೀನಿ."

"ಪಾಳಿ?"

"ಒಂದು ದಿನ ನೀನಿಲ್ದೆ ಬೆಟ್ಟ ಬೀಳಲ್ಲ," ಎಂದಳು ಡೆಲ್ಫಿಯಾ. "ಗಾಡಿ ಹತ್ತು."

ಅವಳು ಸೀಸೆ, ಪೊಟ್ಟಣ, ಅರೆದ ಪುಡಿ ಕಲಸಿದ ಲೇಹ, ಎಲ್ಲವನ್ನೂ ಆ ಗಾಜಿನ ಪಾತ್ರೆಗೆ ಹಾಕಿ ಮುಚ್ಚಿದಳು. ಆಸ್ಪತ್ರೆಯ ಔಷಧಿ ಅಂಗಡಿಯವರು ಉಳಿದ ಮಾತ್ರೆ ವಾಪಸು ತೆಗೆದುಕೊಳ್ಳುತ್ತಾರೆ. ಮಾವನ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು, ಬೇರೆ ಬಟ್ಟಲಲ್ಲಿ ಹೊಸ ಲೇಹ ಹಾಕಿ ಕೊಟ್ಟಳು.

"ಇದರಲ್ಲಿ ಏನೂ ಇಲ್ಲ ತಾನೇ?" ಎಂದರು ಹೋಬರ್ಟ್.

"ಸೇಬಿದೆ ಮಾವ."

ನಾಲ್ವರೂ ಆಸ್ಪತ್ರೆಗೆ ಹೊರಟ ಕಣಿವೆಯ ದಾರಿಯುದ್ದಕ್ಕೂ ಪಾತ್ರೆ ಡೆಲ್ಫಿಯಾಳ ಮಡಿಲಲ್ಲಿತ್ತು. ತಳದಲ್ಲಿ ಅವಳ ಹೆಸರು. ಈ ಸಲ ಅದು ಸಾವಿನ ಮನೆಗೆ ಹೋಗುತ್ತಿರಲಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯ ಕಪಾಟನ್ನು ಈಗಲೇ ತೆರೆದು ನೋಡಿ. ನಿಧಾನವಾಗಿ ಮದ್ದು ಬಿಡುವ ನೋವಿನ ಮಾತ್ರೆಯನ್ನು ಅರೆಯಬೇಡಿ, ಮುರಿಯಬೇಡಿ, ಅಗಿಯಬೇಡಿ. ಹೆಂಡದ ಜೊತೆಗಾಗಲಿ, ಡಾಕ್ಟರಿಗೆ ಹೇಳದೆ ನಿದ್ದೆ ಮಾತ್ರೆಯ ಜೊತೆಗಾಗಲಿ ತೆಗೆದುಕೊಳ್ಳಬೇಡಿ. ನುಂಗಲಾಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಔಷಧಿ ಕೇಳಿ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡುವುದು ಪ್ರೀತಿಯಲ್ಲ. ಮಾತ್ರೆಗೆ ಬೀಗ ಹಾಕಿಡಿ. ಇದನ್ನು ತಿಂದವರು ಎಬ್ಬಿಸಿದರೂ ಏಳದಿದ್ದರೆ, ಗೊರಗೊರ ಸದ್ದು ಬಂದರೆ, ತುಟಿ ನೀಲಿಯಾದರೆ ಕಂಬಳಿ ಹೊದಿಸಬೇಡಿ. ಆಂಬುಲೆನ್ಸ್ ಕರೆಸಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ಬಿಟ್ಟು ಹೋಗಬೇಡಿ. ಉಸಿರು ಮರಳಿಸುವ, ಮೂಗಿಗೆ ಸಿಂಪಡಿಸುವ ಔಷಧಿ ಸಿಗುವ ಕಡೆ ಅದನ್ನು ಮನೆಯಲ್ಲಿಡಿ.

ಡಾಕ್ಟರು ಚೀಟಿ ಬರೆಯುವಾಗ ಎದ್ದು ಬರಬೇಡಿ. ಇದರಿಂದ ಚಟ ಹತ್ತುತ್ತದೆಯೇ, ಇದನ್ನು ಅರೆಯಬಹುದೇ ಎಂದು ಕೇಳಿ. ಉತ್ತರ ಸಿಗುವ ತನಕ ಕೂತಿರಿ. ಅದನ್ನು ಹೇಳುವುದು ಅವರ ಕೆಲಸ. ಹೇಳದೆ ಉಳಿದದ್ದರ ಬೆಲೆ ನಮ್ಮ ಮನೆಗಳು ತೆತ್ತದ್ದು ಸಾಕು.