ಕಿಟಕಿ ರಬ್ಬರಿಗೆ ತಲೆ ಎಣ್ಣೆ

“ಸ್ವಿಚ್ ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ,” ಅಂದಳು ಹೆಂಡತಿ.

ಅವಳು ಮಳೆಯಲ್ಲಿ ನಿಂತಿದ್ದಳು. ಕಾರಿನ ಹಿಂಬಾಗಿಲಿನ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಎರಡೂ ಅಂಗೈಗಳ ನಡುವೆ ಅದುಮಿ ಹಿಡಿದು ಮೇಲಕ್ಕೆ ನೂಕುತ್ತಿದ್ದಳು. ಗಂಡ ಒಳಗೆ ಕೂತು ಸ್ವಿಚ್ ಒತ್ತುತ್ತಿದ್ದ. ಬಾಗಿಲಿನ ಹೊಟ್ಟೆಯೊಳಗೆ ಮೋಟಾರು ಮುಲುಗಿತು. ಗಾಜು ಒಂದು ಬೆರಳಷ್ಟು ಏರಿತು, ನಿಂತಿತು, ಅರ್ಧ ಬೆರಳಷ್ಟು ಜಾರಿತು. ಆಸ್ಪತ್ರೆಯ ಗೇಟಿನ ಕಾವಲುಗಾರ ತನ್ನ ಗೂಡಿನೊಳಗಿಂದ ಇದನ್ನೆಲ್ಲ ನೋಡುತ್ತಿದ್ದ. ಐದನೇ ಸಲಕ್ಕೆ ಗಾಜು ಮೇಲೆ ಹೋಗಿ ಕೂತಿತು. ಅಷ್ಟರಲ್ಲಿ ಹಿಂದಿನ ಸೀಟಿನ ಮೇಲಿದ್ದ ಟವೆಲ್ ಚೀಲ ಇನ್ನಷ್ಟು ನೆನೆದಿತ್ತು. ನೆನೆದರೆಷ್ಟು, ಬಿಟ್ಟರೆಷ್ಟು. ಆ ಟವೆಲುಗಳನ್ನು ವಾರ್ಡಿನ ಹಿರಿಯ ನರ್ಸ್ ಆಗಲೇ ವಾಪಸು ಕಳಿಸಿಯಾಗಿತ್ತು.

ಗಂಡ ಕ್ಷೌರಿಕ. ಬೀದಿಯವರು ಅವನನ್ನು ಕತ್ತರಿಯಣ್ಣ ಎಂದು ಕರೆಯುತ್ತಿದ್ದರು. ವಾರವಿಡೀ ತನ್ನ ಅಂಗಡಿಯಲ್ಲಿ ಕೆಲಸ, ಬುಧವಾರ ಮಾತ್ರ ಮೂಳೆ ಆಸ್ಪತ್ರೆ. ಒಂಬತ್ತು ವರ್ಷದಿಂದ ಅಲ್ಲಿ ಹಾಸಿಗೆ ಬಿಟ್ಟು ಏಳಲಾಗದವರಿಗೆ ಗಡ್ಡ ಹೆರೆದು, ತಲೆಗೂದಲು ಕತ್ತರಿಸಿ, ಮುಖ ಒರೆಸಿ ಬರುತ್ತಿದ್ದ. ಇನ್ನೊಬ್ಬರ ಕುತ್ತಿಗೆಯ ಮೇಲೆ ಕತ್ತಿ ಆಡಿಸುವಾಗ ಅಲುಗದ ಅವನ ಕೈ ಸ್ಟಿಯರಿಂಗ್ ಹಿಡಿದರೆ ನಡುಗುತ್ತಿತ್ತು. ಹಾಗಾಗಿ ಕಾರು ಓಡಿಸುವುದು ಹೆಂಡತಿಯ ಪಾಲಿಗೆ ಬಂದಿತ್ತು. ಟವೆಲ್ ಒಗೆಯುವುದೂ ಅವಳದೇ.

ಆ ದಿನ ನರ್ಸ್ ಚೀಲದಿಂದ ಒಂದು ಟವೆಲ್ ತೆಗೆದು ಮೂಸಿ, ಇದ್ದ ಹಾಗೇ ಮಡಿಸಿ ಒಳಗಿಟ್ಟಿದ್ದರು.

“ಇದು ಗಾಯ ಇರೋರ ವಾರ್ಡು. ಬೂಷ್ಟು ಹಿಡಿದ ಬಟ್ಟೆ ಒಳಗೆ ಬಿಡಕ್ಕಾಗಲ್ಲ. ಎರಡು ವಾರ ಬರಬೇಡಿ. ಮೂರನೇ ಬುಧವಾರ ಬನ್ನಿ. ಆಗಲೂ ಹೀಗೇ ಇದ್ರೆ ಬೇರೆಯವರನ್ನ ಗೊತ್ತು ಮಾಡ್ಕೋತೀವಿ.”

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಹೆಂಡತಿಗೆ. ಬೈಯುವವರ ಹತ್ತಿರ ಒಂದು ಮಾತು ಹಿಂದಕ್ಕೆ ಮುಂದಕ್ಕೆ ಆಡಬಹುದು.

ಮನೆಗೆ ಬರುವ ದಾರಿಯುದ್ದಕ್ಕೂ ಗಂಡ ಸೋಪಿನ ಪುಡಿಯನ್ನು ದೂರಿದ. ಪುಡಿ ಬದಲಾಯಿಸಬೇಕು ಅಂದ, ನೀರು ಸರಿಯಿಲ್ಲ ಅಂದ, ಬಿಸಿಲೇ ಮೊದಲಿನ ಹಾಗಿಲ್ಲ ಅಂದ. ಅವಳು ಗೇರು ಬದಲಾಯಿಸುತ್ತ ಕೇಳಿಸಿಕೊಂಡಳು. ಟವೆಲುಗಳನ್ನು ಕುದಿಸಿ ಒಗೆದವಳು ಅವಳು, ಗರಿಗರಿಯಾಗುವ ತನಕ ತಂತಿಯ ಮೇಲೆ ಒಣಗಿಸಿದವಳೂ ಅವಳೇ. ಒಣಗಿದ ಟವೆಲ್ ಎರಡು ದಿನ ಮೊದಲೇ ಕಾರಿನೊಳಕ್ಕೆ ಹೋಗುತ್ತಿತ್ತು, ಹಸಿ ಟವೆಲ್ ಹೊರಕ್ಕೆ ಬರುತ್ತಿತ್ತು. ನಡುವೆ ಇದ್ದದ್ದು ಕಾರು ಒಂದೇ. ಮನೆಯ ಮುಂದೆ ನಿಲ್ಲಿಸಿದ ಮೇಲೆ ಹಿಂದಿನ ಸೀಟಿನ ಕೆಳಗೆ ಕೈ ಹಾಕಿ ಮ್ಯಾಟ್ ಒತ್ತಿದಳು. ಬೆರಳಿನ ಸಂದಿಯಲ್ಲಿ ನೀರು ಉಕ್ಕಿತು.

“ರೀ, ಕಿಟಕಿಯಿಂದ ನೀರು ಇಳೀತಿದೆ,” ಅಂದಳು.

“ಕಿಟಕಿಯಿಂದಂತೂ ಸಾಧ್ಯವೇ ಇಲ್ಲ ಕಣೇ. ಕಿಟಕಿ ರಬ್ಬರನ್ನ ನನ್ನಷ್ಟು ಚೆನ್ನಾಗಿ ನೋಡ್ಕೊಳ್ಳೋ ಇನ್ನೊಬ್ಬನ್ನ ತೋರ್ಸು, ನೋಡೋಣ.”

ಅದೂ ಸುಳ್ಳಲ್ಲ. ಪ್ರತಿ ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಅವನು ತಲೆಗೆ ಹಚ್ಚುವ ಎಣ್ಣೆಯನ್ನು ಬಟ್ಟಲಲ್ಲಿ ಬೆಚ್ಚಗೆ ಮಾಡಿಕೊಂಡು ಬರುತ್ತಿದ್ದ. ಕಾರಿನವರು ಬೀಡಿಂಗ್ ಅನ್ನುವ, ಕಿಟಕಿಯ ಸುತ್ತ ಇರುವ ಆ ರಬ್ಬರ್ ಪಟ್ಟಿಗೆ ಎರಡು ಬೆರಳಲ್ಲಿ ಎಣ್ಣೆ ಅದ್ದಿ ತಲೆ ತಿಕ್ಕಿದ ಹಾಗೆಯೇ ತಿಕ್ಕುತ್ತಿದ್ದ. ಒಣಗಿದ ಕೂದಲಿಗೆ ಎಣ್ಣೆ, ಒಣಗಿದ ರಬ್ಬರಿಗೂ ಎಣ್ಣೆ, ಇಷ್ಟೇ ಅವನ ಲೆಕ್ಕ. ರಬ್ಬರು ಮಿರಮಿರ ಮಿಂಚುತ್ತಿತ್ತು. ಈ ಗುಟ್ಟನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡವನೂ ಅಲ್ಲ. ಗಿರಾಕಿಗಳಿಗೆ ಹೇಳಿದ್ದ. ಆಸ್ಪತ್ರೆಯ ಕಾವಲುಗಾರನಿಗಂತೂ ಹೋದ ವರ್ಷ ಒಂದು ಬಾಟಲಿ ಎಣ್ಣೆಯನ್ನೇ ಕೊಟ್ಟು, ಅವನ ಹಳೆ ಕಾರಿನ ಬೀಡಿಂಗಿಗೆ ಹೇಗೆ ಹಚ್ಚಬೇಕೆಂದು ತೋರಿಸಿಕೊಟ್ಟಿದ್ದ.

ಮರುದಿನ ಹೆಂಡತಿ ಅವನನ್ನು ಕೂರಿಸಿಕೊಂಡು ಕಾರನ್ನು ಹಿಂದಿನ ಬೀದಿಯ ಗಾಜಿನಂಗಡಿಗೆ ಒಯ್ದಳು. ಕಾರಿನ ಗಾಜು ಕೂರಿಸುವ ಆ ಅಂಗಡಿಯ ಹೆಂಗಸನ್ನು ಅವಳಿಗಿಂತ ದೊಡ್ಡವರೂ ಗಾಜಿನಕ್ಕ ಅನ್ನುತ್ತಿದ್ದರು. ಗಾಜಿನಕ್ಕ ರಬ್ಬರಿನ ಮೇಲೆ ಹೆಬ್ಬೆರಳು ಎಳೆದಳು. ಬೆರಳಿಗೆ ಕಪ್ಪು ಹತ್ತಿತು. ಅದನ್ನು ಕತ್ತರಿಯಣ್ಣನ ಮುಂದೆ ಹಿಡಿದಳು.

“ಇದೇನಣ್ಣ?”

“ಕೊಳೆ.”

“ಕೊಳೆ ಅಲ್ಲ, ರಬ್ಬರೇ. ಕರಗಿ ಕೈಗೆ ಬರ್ತಿದೆ. ಏನ್ ಹಚ್ತೀರಿ ಇದಕ್ಕೆ?”

ಅವನು ಹೆಮ್ಮೆಯಿಂದಲೇ ಹೇಳಿದ. ಗಾಜಿನಕ್ಕ ನಗಲಿಲ್ಲ, ಅದೇ ಅವನಿಗೆ ಜಾಸ್ತಿ ಚುಚ್ಚಿತು. ಅವಳು ಅವನನ್ನು ಹಿಂದಿನ ಸೀಟಿನಲ್ಲಿ, ಚೀಲ ಇಡುವ ಜಾಗದಲ್ಲೇ ಕೂರಿಸಿ ಬಾಗಿಲು ಹಾಕಿದಳು. ಹೆಂಡತಿಯ ಕೈಗೆ ನೀರಿನ ಪೈಪು ಕೊಟ್ಟು, ಜೋರಾಗಿ ಬೇಡ, ಮೊದಲು ಗಾಜಿನ ಬುಡಕ್ಕೆ, ಆಮೇಲೆ ನಿಧಾನ ಮೇಲಕ್ಕೆ ಬಿಡು ಅಂದಳು. ಜೀವಮಾನವೆಲ್ಲ ಬೇರೆಯವರ ತಲೆಗೆ ನೀರು ಚಿಮುಕಿಸಿದವನು ಗಾಜಿನ ಆಚೆ ಗಂಭೀರವಾಗಿ ಕೂತಿದ್ದ. ಏನೂ ಇಲ್ಲ ಎಂದು ಕೈಯಾಡಿಸಿದ. ನೀರು ಕಿಟಕಿಯ ಮೇಲಂಚಿಗೆ ಬಂದಾಗ ಮಂಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. ಇನ್ನೂ ಸ್ವಲ್ಪ ಸರಿಸಿದ. ಹೆಂಡತಿ ಪೈಪನ್ನು ತಕ್ಷಣ ನಿಲ್ಲಿಸಬಹುದಿತ್ತು. ಅವಳು ಇನ್ನೊಂದಿಷ್ಟು ಹೊತ್ತು ಬಿಟ್ಟಳು.

ಆಮೇಲೆ ಗಾಜಿನಕ್ಕ ಹಳೆ ಪತ್ರಿಕೆಯಿಂದ ಒಂದು ಚೂರು ಹರಿದು, ಬಾಗಿಲಿನ ಸಂದಿಗೆ ಇಟ್ಟು, ಬಾಗಿಲು ಹಾಕಿ ಎಳೆದಳು. ಕಾಗದ ಪುಸ್ತಕದ ಹಾಳೆಗಳ ನಡುವಿನಿಂದ ಜಾರಿದ ಹಾಗೆ ಬಂತು. ಕಾರಿನ ಇನ್ನೊಂದು ಮಗ್ಗುಲಿನ ಬಾಗಿಲಿಗೂ ಹಾಗೇ ಮಾಡಿದಳು. ಅಲ್ಲಿ ಕಾಗದ ಹರಿಯಿತೇ ಹೊರತು ಬರಲಿಲ್ಲ. ರಬ್ಬರು ಬಾಗಿಲನ್ನು ಸರಿಯಾಗಿ ಕಚ್ಚಿ ಹಿಡಿದಿತ್ತು. ಆ ಮಗ್ಗುಲಿಗೆ ಏನು ಹಚ್ಚುತ್ತೀರಿ ಎಂದು ಕೇಳಿದಾಗ ಉತ್ತರ ಕೊಟ್ಟದ್ದು ಹೆಂಡತಿ. ಮನೆಯ ಮುಂದೆ ಆ ಮಗ್ಗುಲು ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಅಲ್ಲಿಗೆ ಇವರ ಕೈ ತೂರುವುದಿಲ್ಲ ಅಂದಳು.

“ಕೈ ತೂರದೇ ಇದ್ದಿದ್ದು ಒಳ್ಳೇದಾಯ್ತು,” ಅಂದಳು ಗಾಜಿನಕ್ಕ.

ಕತ್ತರಿಯಣ್ಣ ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ. ಆ ಕಡೆ ಬಿಸಿಲು ಬೀಳಲ್ಲ, ಅದಕ್ಕೇ ಚೆನ್ನಾಗಿದೆ ಅಂದ. ಗಾಜಿನಕ್ಕ ಅದನ್ನು ತಳ್ಳಿಹಾಕಲಿಲ್ಲ. ಬಿಸಿಲೂ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ನೆರಳಿನಲ್ಲಿ ನಿಲ್ಲಿಸುವುದೇ ಮೇಲು ಅಂದಳು. ಆದರೆ ಈ ರಬ್ಬರು ಒಣಗಿಲ್ಲ, ಊದಿದೆ. ಅಂಗಡಿಯಲ್ಲಿ ಸಿಗುವ ತಲೆ ಎಣ್ಣೆಗಳಲ್ಲಿ ಎಷ್ಟೋ ಎಣ್ಣೆಗೆ ಪೆಟ್ರೋಲಿಯಮ್ ಎಣ್ಣೆ ಬೆರೆತಿರುತ್ತದೆ, ಅದು ರಬ್ಬರಿಗೆ ಆಗದು. ಊದಿದ ರಬ್ಬರು ಗಾಜನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಮೋಟಾರು ತಿಣುಕುತ್ತದೆ. ಜಿಡ್ಡಿಗೆ ಧೂಳು ಕೂತು ಗಾಜಿಗೆ ಗೀರು ಬೀಳುತ್ತದೆ. ಅವಳು ಬಗ್ಗಿ ಬಾಗಿಲಿನ ಅಡಿ ತೋರಿಸಿದಳು. ಅಲ್ಲಿ ಸಣ್ಣ ತೂತುಗಳಿದ್ದವು. ಗಾಜಿನ ಜೊತೆ ಬಾಗಿಲೊಳಗೆ ಇಳಿಯುವ ಒಂದಿಷ್ಟು ನೀರು ಅಲ್ಲಿಂದ ಹೊರಗೆ ಹೋಗಬೇಕು. ಅವಳು ಒಂದು ಕಡ್ಡಿ ತಿರುವಿದಾಗ ಜಿಡ್ಡು ಮಣ್ಣಿನ ಬಿರಡೆ ಕಳಚಿ ಬಿತ್ತು, ಅದರ ಹಿಂದೆಯೇ ಕಂದು ನೀರು ಸುರಿಯಿತು. ಅರ್ಧ ಚೊಂಬಿನಷ್ಟಾದರೂ ಇತ್ತು.

“ಹೊಸ ಬೀಡಿಂಗ್ ಹಾಕ್ಕೊಡಿ ಅಕ್ಕ,” ಅಂದಳು ಹೆಂಡತಿ. ಮೂರನೇ ಬುಧವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

“ಹಾಕ್ಕೊಡ್ತೀನಿ. ಆದ್ರೆ ಭಾನುವಾರ ಇವರು ಮತ್ತೆ ಬಟ್ಟಲು ಹಿಡ್ಕೊಂಡು ಬರೋ ಹಾಗಿದ್ರೆ ಹಾಕಲ್ಲ. ಹಾಕಿದ್ದು ದಂಡ.”

ಅವಳು ಹೊಸ ಪಟ್ಟಿಯ ತುದಿಯಿಂದ ಒಂದೇ ಉದ್ದದ ಎರಡು ತುಂಡು ಕತ್ತರಿಸಿ ಕತ್ತರಿಯಣ್ಣನ ಅಂಗೈಯಲ್ಲಿಟ್ಟಳು. ಒಂದನ್ನು ನಿಮ್ಮ ಎಣ್ಣೆಯಲ್ಲಿ ಮುಳುಗಿಸಿಡಿ, ಇನ್ನೊಂದನ್ನು ಸುಮ್ಮನೆ ಇಡಿ, ಒಂದು ವಾರ ಬಿಟ್ಟು ನೀವೇ ನೋಡಿ ಅಂದಳು. ಗೆದ್ದೇ ಗೆಲ್ಲುವೆ ಎಂಬ ನಂಬಿಕೆಯಲ್ಲಿ ಅವನು ಒಪ್ಪಿದ.

ರಬ್ಬರ್ ತುಂಡು ಮುಳುಗಿಸಿದ ಎಣ್ಣೆಯ ಸೀಸೆ ಸಲೂನಿನ ಕನ್ನಡಿಯ ಮುಂದೆ, ಬಾಚಣಿಗೆಗಳ ಪಕ್ಕ ಕೂತಿತು. ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಅದೇನು ಎಂದು ಕೇಳುತ್ತಿದ್ದರು. ಮೊದಲ ದಿನ ಅವನು ವಿವರವಾಗಿ ಹೇಳಿದ. ನಾಲ್ಕನೇ ದಿನ, ಏನೂ ಇಲ್ಲ, ತಲೆ ಅಲ್ಲಾಡಿಸಬೇಡಿ ಅಂದ. ಭಾನುವಾರ ಬಟ್ಟಲು ಹೊರಗೆ ಬರಲಿಲ್ಲ. ಆಸ್ಪತ್ರೆಗೆ ಹೋಗಬಾರದ ಮೊದಲ ಬುಧವಾರ ಹತ್ತು ಗಂಟೆಗೆ ಅವನು ಅಭ್ಯಾಸಬಲದಿಂದ ಕತ್ತಿ, ಕತ್ತರಿಗಳನ್ನು ಪೆಟ್ಟಿಗೆಗೆ ತುಂಬಿದ, ಆಮೇಲೆ ಒಂದೊಂದಾಗಿ ವಾಪಸು ತೆಗೆದಿಟ್ಟ. ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವ ಲಾರಿ ಡ್ರೈವರಿಗೆ ಗಡ್ಡ ಬೆಳೆದರೆ ಕತ್ತು ಕೆರೆಯುತ್ತದೆ, ಅವನಿಗೆ ಬಗ್ಗಲಾಗುವುದಿಲ್ಲ ಅಂದ. ಯಾರನ್ನೂ ಉದ್ದೇಶಿಸಿ ಅಂದಂತಿರಲಿಲ್ಲ.

ವಾರ ತುಂಬಿದ ದಿನ ಅವನು ಎಣ್ಣೆಯ ತುಂಡನ್ನು ತೆಗೆದು ಒರೆಸಿ, ಎರಡನ್ನೂ ಒಂದು ಬಾಚಣಿಗೆಯ ಮೇಲೆ ಪಕ್ಕಪಕ್ಕ ಮಲಗಿಸಿದ. ಸುಮ್ಮನಿಟ್ಟದ್ದು ಒಂಬತ್ತು ಹಲ್ಲಿನಷ್ಟು ಉದ್ದವಿತ್ತು. ಎಣ್ಣೆ ಕುಡಿದದ್ದು ಹತ್ತು ಹಲ್ಲು ದಾಟಿತ್ತು. ಮುಟ್ಟಿದರೆ ನೆನೆದ ಬೆರಳಿನ ತುದಿಯ ಹಾಗೆ ಮೆತ್ತಗೆ. ಅವನು ಇನ್ನೊಮ್ಮೆ ಎಣಿಸಿದ. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು ಹೊರಗೆ ಬಂದ.

“ನಡಿಯೇ,” ಅಂದ ಹೆಂಡತಿಗೆ. “ಗಾಜಿನಕ್ಕ ಅಂಗಡಿ ತೆಗೆದಿರ್ತಾಳೆ.”

ಗಾಜಿನಕ್ಕ ಹಾಳಾದ ಪಟ್ಟಿ ಕಿತ್ತು ಹೊಸದನ್ನು ಕೂರಿಸಿದಳು. ಆರೈಕೆ ಹೇಗೆಂದು ಹೇಳಿದ್ದು ಮಾತ್ರ ಹೆಂಡತಿಗೆ. ಕುಕ್ಕರಿನ ರಬ್ಬರನ್ನು ಏನು ಮಾಡುತ್ತೀಯ ಎಂದು ಕೇಳಿದಳು. ತೊಳೆದು, ಒರೆಸಿ, ಒಲೆಯಿಂದ ದೂರ ಇಡುತ್ತೇನೆ ಅಂದಳು ಹೆಂಡತಿ. ಇದೂ ಅದರ ಅಣ್ಣತಮ್ಮನೇ ಅಂದಳು ಗಾಜಿನಕ್ಕ. ಶಾಂಪೂ ಬೆರೆಸಿದ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸು, ಗಾಜು ಜಾರುವ ಸಂದಿಯ ಮರಳು ತೆಗೆ, ಪೂರ್ತಿ ಒಣಗಿಸು. ಆಮೇಲೆ ರಬ್ಬರಿಗೆಂದೇ ಇರುವ ಸಿಲಿಕೋನ್ ದ್ರವವನ್ನು ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಸವರು, ಹೆಚ್ಚಾದದ್ದನ್ನು ಒರೆಸಿಬಿಡು. ಸೀಮೆಎಣ್ಣೆ, ಪೆಟ್ರೋಲು, ಗ್ರೀಸು, ಅಡುಗೆ ಎಣ್ಣೆ ಯಾವುದೂ ಬೇಡ. ಗಾಜು ಸಿಕ್ಕಿಕೊಂಡರೆ ಕುಸ್ತಿ ಮಾಡಬೇಡ, ಮೊದಲು ಸಂದಿ ನೋಡು. ಹರಿದ ಪಟ್ಟಿಗೆ ಟೇಪು ಸುತ್ತಿ ವರ್ಷ ತಳ್ಳಬೇಡ.

ಮೂರನೇ ಬುಧವಾರವೂ ಮಳೆ ಬಂತು, ಬೆಳಗಿನಿಂದಲೇ. ನರ್ಸ್ ಚೀಲ ತೆರೆದು, ಮೇಲಿನ ಟವೆಲ್ ಬಿಟ್ಟು ಎಲ್ಲಕ್ಕಿಂತ ಅಡಿಯದನ್ನು ಎಳೆದು ಮೂಸಿದರು. ಎರಡು ಸಲ. ಆಮೇಲೆ ಮಡಿಸದೆ ಕತ್ತರಿಯಣ್ಣನ ಹೆಗಲ ಮೇಲೆ ಹಾಕಿದರು.

“ಮೊದಲು ಆ ಲಾರಿ ಡ್ರೈವರನ್ನ ನೋಡಿ. ಯಾರು ಅಂತಾನೇ ಗುರುತು ಸಿಗ್ತಿಲ್ಲ.”

ಕೆಲಸ ಮುಗಿಸಿ ಹೊರಗೆ ಬಂದಾಗ ಮಳೆ ನಿಂತಿತ್ತು. ಹೆಂಡತಿ ಕಾರು ಶುರು ಮಾಡಿದಳು. ಗಂಡ ಹತ್ತಲಿಲ್ಲ. ಅವನು ಗೇಟಿನ ಪಕ್ಕ ನಿಂತಿದ್ದ ಕಾವಲುಗಾರನ ಹಳೆ ಕಾರನ್ನು ನೋಡುತ್ತಿದ್ದ. ಅದರ ಕಿಟಕಿಗಳ ರಬ್ಬರು ಮಿರಮಿರ ಮಿಂಚುತ್ತಿತ್ತು. ಒಂದು ಗಾಜು ಮುಕ್ಕಾಲಿಗೆ ನಿಂತಿತ್ತು, ಉಳಿದ ಸಂದಿಗೆ ಪ್ಲಾಸ್ಟಿಕ್ ಹಾಳೆ ಸಿಗಿಸಿತ್ತು. ಕತ್ತರಿಯಣ್ಣ ತನ್ನ ಪೆಟ್ಟಿಗೆಯಿಂದ ಹೊಸ ಸಿಲಿಕೋನ್ ಬಾಟಲಿಯನ್ನೂ ಮಡಿಸಿದ ಬಟ್ಟೆಯೊಂದನ್ನೂ ತೆಗೆದುಕೊಂಡು ಗೂಡಿನ ಹತ್ತಿರ ಹೋದ. ತಾನು ಹೇಳಿಕೊಟ್ಟದ್ದು ತಪ್ಪು ಅಂದ. ಒಂಬತ್ತು ಹಲ್ಲು, ಹತ್ತು ಹಲ್ಲಿನ ಕತೆ ಹೇಳಿದ. ಬಾಟಲಿ, ಬಟ್ಟೆ ಎರಡನ್ನೂ ಗೂಡಿನ ಕಿಂಡಿಯೊಳಕ್ಕೆ ಚಾಚಿದ.

ಆ ಕೈ ಚಾಚಿಕೊಂಡೇ ಇರಲಿ. ಅಷ್ಟರೊಳಗೆ ನಿಮಗೊಂದು ಮಾತು. ನಿಮ್ಮದೋ ನಿಮ್ಮ ಪಕ್ಕದ ಮನೆಯವರದೋ ಕಾರಿದ್ದರೆ ಈ ಭಾನುವಾರ ಅದರ ಕಿಟಕಿಯ ರಬ್ಬರಿನ ಮೇಲೆ ಒಮ್ಮೆ ಬೆರಳು ಎಳೆಯಿರಿ. ಕಪ್ಪು ಹತ್ತುತ್ತದೆಯೇ, ಬಿರುಕಿದೆಯೇ, ಅಂಟಂಟಾಗಿದೆಯೇ ನೋಡಿ. ಬಾಗಿಲಿಗೆ ಕಾಗದ ಸಿಗಿಸಿ ಎಳೆದು ನೋಡಿ. ಅಡಿಯ ತೂತುಗಳಿಗೆ ಒಂದು ಕಡ್ಡಿ ಆಡಿಸಿ. ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಆ ರಬ್ಬರು ತಡೆಯುವುದು ಮಳೆಯನ್ನು ಮಾತ್ರವಲ್ಲ. ನಿಮ್ಮ ಕಾರಿನಲ್ಲೂ ಒಣಗಿರಲೇಬೇಕಾದ ಒಂದು ಚೀಲ ಇದ್ದೇ ಇರುತ್ತದೆ. ಕತ್ತರಿಯಣ್ಣನ ಕೈಯಲ್ಲಿರುವ ಆ ಬಟ್ಟೆ, ಆ ಬಾಟಲಿ ನಿಮ್ಮ ಮುಂದೆಯೂ ಚಾಚಿದೆ ಅಂದುಕೊಳ್ಳಿ. ದಯವಿಟ್ಟು ತೆಗೆದುಕೊಳ್ಳಿ.

ಕಾವಲುಗಾರ ತೆಗೆದುಕೊಳ್ಳಲಿಲ್ಲ. ಕಿಂಡಿಯ ಕಟ್ಟೆಯ ಮೇಲೆ ಹೋದ ವರ್ಷದ ಎಣ್ಣೆ ಬಾಟಲಿ ಇತ್ತು, ಇನ್ನೂ ಕಾಲು ಭಾಗ ಉಳಿದಿತ್ತು. ಅದನ್ನು ಅವನು ತನ್ನ ಕಡೆಗೆ ಸರಿಸಿಕೊಂಡ.

“ಬೇಡ,” ಅಂದ. “ನೀವೇ ಕೊಟ್ಟಿದ್ದಲ್ವಾ ಇದು. ಮುಗಿಯೋವರೆಗೂ ಇದನ್ನೇ ಹಚ್ಚೋದು.”