ಹಳದಿಯೋ ಕಪ್ಪೋ

ಕಾಸಾಬ್ಲಾಂಕಾದ ಗುಜರಿ ಸಂತೆಯಲ್ಲಿ ಒಂದು ಹಾಳು ಕಟ್ಟಳೆಯಿತ್ತು. ನೀನು ಎಷ್ಟೇ ಚೆನ್ನಾಗಿ ಕೆಲಸ ಮಾಡು, ನಿನ್ನ ಗುರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ನಿನ್ನನ್ನು ‘ಮಾಲೆಮ್’, ಅಂದರೆ ಉಸ್ತಾದ, ಎಂದು ಕರೆಯುವ ತನಕ ನೀನು ಬರೀ ಕೈಯಾಳು. ಒಳ್ಳೆಯ ಗಿರಾಕಿ ನಿನ್ನ ಮೇಜಿನ ಹತ್ತಿರವೂ ಸುಳಿಯುವುದಿಲ್ಲ. ತಹಾಮಿಗೆ ನಲವತ್ತೊಂದು ತುಂಬಿತ್ತು. ಹದಿನಾಲ್ಕು ವರ್ಷದಿಂದ ತನ್ನ ಗುರು ಬೂಶ್ತಾನ ಮಗ್ಗುಲಲ್ಲಿ ಕೂತು, ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮುಗಳನ್ನು ರಿಪೇರಿ ಮಾಡುತ್ತಿದ್ದ. ಆ ಒಂದು ಮಾತು ಕಿವಿಗೆ ಬಿದ್ದರೆ ಸಾಕು ಎಂದು ಕಾಯುತ್ತಿದ್ದ.

ಕಿವಿಗೆ ಬೀಳುತ್ತಿದ್ದದ್ದು ಬೇರೆ. “ಲೋ ಕತ್ತೆ, ಇಕ್ಕಳ ಕೊಡೋ.” “ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಬಿಡಿ ಲಲ್ಲಾ, ನಾನೇ ನೋಡ್ತೀನಿ,” ಎಂದು ಗಿರಾಕಿ ಹೆಂಗಸರಿಗೆ. ಬೂಶ್ತಾನ ನಾಲಗೆಗೆ ಎಲುಬಿರಲಿಲ್ಲ, ಸರಿ, ಕರುಣೆಯಾದರೂ ಇರಬೇಡವೇ?

ಮೊದಲ ವರ್ಷ ತಹಾಮಿ ಒಂದು ತಪ್ಪು ಮಾಡಿದ್ದ. ಆ ಗೇಮುಗಳಲ್ಲಿ ಪರದೆಯಿಂದ ಒಳಗಿನ ಸರ್ಕ್ಯೂಟ್ ಹಲಗೆಗೆ ಕಾಗದದಷ್ಟು ತೆಳುವಾದ ಒಂದು ಪಟ್ಟಿ ಹೋಗುತ್ತದೆ. ಅದರ ತುದಿಯ ಗೆರೆಗಳು ಸವೆದರೆ ಪರದೆಯ ಮೇಲೆ ಚಿತ್ರ ಗೀರುಗೀರಾಗಿ ಮಾಯವಾಗುತ್ತದೆ. ಕೆಲವುಗಳ ತುದಿ ಹಳದಿ, ಚಿನ್ನದ ನೀರು ಹಾಕಿದ ತಾಮ್ರದ್ದು. ಅದನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೊಳೆಯುತ್ತದೆ, ಕೆಲಸ ಮುಗಿಯಿತು. ಕೆಲವುಗಳ ತುದಿ ಕಪ್ಪು, ಇದ್ದಿಲಿನ ಮಸಿಯದು. ಅದಕ್ಕೆ ಬೆರಳೂ ತಾಗಬಾರದು, ಬಟ್ಟೆಯ ಮೇಲಿಂದ ಹದವಾಗಿ ಕಾವು ಕೊಟ್ಟು ಅಂಟಿಸಬೇಕು. ಸಂತೆಯಲ್ಲಿ ಎಲ್ಲರ ಜೇಬಿನಲ್ಲೂ ರಬ್ಬರ್ ಇರುತ್ತದೆ, ಕೈ ಮೊದಲು ಅದಕ್ಕೇ ಹೋಗುತ್ತದೆ. ತಹಾಮಿ ಕಪ್ಪನ್ನು ಉಜ್ಜಿಬಿಟ್ಟ. ಗೆರೆಗಳೆಲ್ಲ ಅಳಿಸಿಹೋದವು. ಬೂಶ್ತಾ ಬೈದು ಸುಮ್ಮನಾಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆ ಪಟ್ಟಿಯನ್ನು ಒಂದು ವರ್ಷ ಮೇಜಿನ ಮೇಲೆ ನೇತುಹಾಕಿ ಬಂದವರಿಗೆಲ್ಲ ತೋರಿಸಿದ. “ನೋಡಿ, ನಮ್ಮ ಕತ್ತೆ ಮೇಯ್ದಿದ್ದು!”

ಈಗ ಆ ಬೂಶ್ತಾನ ಕಣ್ಣಿಗೆ ಪೊರೆ ಬಂದಿತ್ತು. ಐದು ತಿಂಗಳಿಂದ ಮುದುಕ ಅಭ್ಯಾಸಬಲದ ಮೇಲೆ ಕೆಲಸ ಮಾಡುತ್ತಿದ್ದ. ಚಹಾ ಲೋಟಕ್ಕೆ ಬೆರಳಿಟ್ಟು ಎಷ್ಟು ತುಂಬಿತು ಎಂದು ತಿಳಿಯುತ್ತಿದ್ದ. ತಹಾಮಿಯೊಬ್ಬನಿಗೆ ಗೊತ್ತು. ಮಾಲೆಮ್ ಕುರುಡ ಎಂದು ಜಾಹೀರಾದರೆ ಮಾರನೆಯ ದಿನವೇ ಆ ಮೇಜು ಬೇರೆಯವರ ಪಾಲು, ಅದೂ ಗೊತ್ತು.

ಗುರುವಾರ ಮಧ್ಯಾಹ್ನ ಲಲ್ಲಾ ಬಹೀಜಾ ಬಂದಳು. ಐವತ್ತರ ಹೆಂಗಸು, ಕೈಚೀಲದಿಂದ ಒಂದು ಬೂದು ಬಣ್ಣದ ಹಳೆಯ ಗೇಮ್ ತೆಗೆದಳು.

“ನಮ್ಮಮ್ಮಂದು, ಮಾಲೆಮ್. ಲಕ್ವಾ ಹೊಡೆದು ಮಾತು ನಿಂತು ಮೂರು ವರ್ಷ ಆಯ್ತು. ಇದೊಂದನ್ನ ಮಾತ್ರ ಒತ್ತುತ್ತಾ ಕೂತಿರ್ತಾರೆ. ಪರದೆ ತುಂಬ ಗೀರು ಬಿದ್ದಾಗಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾರೆ, ಸೂಪು ಕೂಡ ಬೇಡ ಅಂತಾರೆ.”

“ಇಲ್ಲೇ, ನಿಮ್ಮ ಕಣ್ಣೆದುರೇ ಮಾಡಿ ಕೊಡ್ತೀನಿ ತಾಯಿ, ಕೂತ್ಕೊಳ್ಳಿ,” ಎಂದ ಬೂಶ್ತಾ. ಗಿರಾಕಿಯ ಕಣ್ಣೆದುರೇ ಮಾಡುವುದು ಅವನ ಹೆಮ್ಮೆ. ತಿರುಪು ಬಿಚ್ಚಿದ, ಮುಚ್ಚಳ ತೆಗೆದ, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಎತ್ತಿದ. ಅಲ್ಲಿಗೆ ಕೈ ನಿಂತಿತು. ಈ ಮಾದರಿಯ ಗೇಮುಗಳಲ್ಲಿ ಎರಡು ಬಗೆಯ ಪಟ್ಟಿಯೂ ಬಂದಿದ್ದವು. ಮುಟ್ಟಿ ನೋಡುವ ಹಾಗಿಲ್ಲ, ಕಪ್ಪಾಗಿದ್ದರೆ ಮುಟ್ಟಿದರೇ ಕೆಟ್ಟಿತು. ಮುದುಕ ತಹಾಮಿಯ ಕಡೆ ಬಾಗಿ ಪಿಸುಗುಟ್ಟಿದ.

“ಮಗಾ, ತುದಿ ಹಳದಿಯೋ ಕಪ್ಪೋ?”

ಮಗಾ! ಹದಿನಾಲ್ಕು ವರ್ಷ ಕತ್ತೆ, ಕಣ್ಣು ಬೇಕಾದಾಗ ಮಗ! ತುದಿ ಕಾಡಿಗೆಯಷ್ಟು ಕಪ್ಪಗಿತ್ತು. ಎದುರಿಗೆ ಆ ಹೆಂಗಸು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಅವಳನ್ನೂ ನೋಡಿದ. ನೋಡಿಯೇ ಹೇಳಿದ.

“ಹಳದಿ, ಮಾಲೆಮ್.”

ಬೂಶ್ತಾ ರಬ್ಬರ್ ತೆಗೆದು ಎಂದಿನ ಹಾಗೆ ನಾಲ್ಕು ಸಲ ಗಟ್ಟಿಯಾಗಿ ಎಳೆದ. ಮೇಜಿನ ಮೇಲೆ ಕಪ್ಪು ಉಂಡೆಗಳು ಉದುರಿದವು.

“ಅಬ್ಬಾ, ಎಷ್ಟು ಕೊಳೆ ಇತ್ತು ನೋಡಿ!” ಎಂದು ಬಹೀಜಾ ನಕ್ಕಳು.

ಮುದುಕ ಆ ಉಂಡೆಗಳನ್ನು ಬೆರಳ ಸಂದಿಯಲ್ಲಿ ತಿಕ್ಕಿದ. ತಾಮ್ರದ ಧೂಳು ಒರಟು; ಇದು ಜಾರುತ್ತಿತ್ತು. ತಾನು ಉಜ್ಜಿದ್ದು ಕಪ್ಪನ್ನು ಎಂದು ಅವನಿಗೆ ತಿಳಿದುಹೋಯಿತು. ತಹಾಮಿ ಕಾದ. ಈಗ ಎಗರಾಡುತ್ತಾನೆ, ಎಗರಾಡಿದರೆ ಕುರುಡು ಬಯಲಾಗುತ್ತದೆ, ಆಗಲಿ, ಚೆನ್ನಾಗಿ ಆಗಲಿ ಎಂದುಕೊಂಡ.

ಬೂಶ್ತಾ ಎಗರಾಡಲಿಲ್ಲ. ಎದ್ದು ನಿಂತ. ತನ್ನ ಸ್ಟೂಲನ್ನು ತಹಾಮಿಯ ಕಡೆ ತಳ್ಳಿ, ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಕೇಳುವ ಹಾಗೆ ಕೂಗಿದ.

“ಎಲ್ಲರೂ ಕೇಳಿ! ಇವತ್ತಿಂದ ಇವನು ಮಾಲೆಮ್. ಮಾಲೆಮ್ ತಹಾಮಿ! ಲಲ್ಲಾ, ಇದನ್ನ ಮುಗಿಸೋದು ಅವನೇ.”

ಜನ ಸೇರಿತು. ಶೂ ಮಾರುವವನು ಸಿಳ್ಳೆ ಹಾಕಿದ. ಚಹಾ ಮಾರುವ ಹನಿಯಾ ಲೋಟ ಹಿಡಿದು ಓಡಿಬಂದು, “ಅಂತೂ ಬಾಯಿ ಬಿಟ್ಟನಪ್ಪಾ ಮುದುಕ! ಮಾಡು ತಹಾಮಿ, ನಾವೂ ನೋಡೋಣ,” ಎಂದಳು.

ತಹಾಮಿ ಕೂತ. ಕೂರದೆ ಏನು ಮಾಡಿಯಾನು? ಬಟ್ಟೆ ಹಾಸಿ ಕಾವು ಕೊಟ್ಟ. ಗುಂಡಿ ಒತ್ತಿದ. ಪರದೆ ಪೂರ್ತಿ ಬೋಳು. ಬಂದಾಗ ಇದ್ದ ಅರೆಬರೆ ಚಿತ್ರವೂ ಇಲ್ಲ. ಮತ್ತೆ ಕಾವು ಕೊಟ್ಟ. ಬೆವರು ಕಣ್ಣಿಗಿಳಿಯಿತು. ಮೂರನೆಯ ಸಲಕ್ಕೆ ಸಿಳ್ಳೆ ನಿಂತಿತ್ತು.

“ಆಗಲ್ಲ ಲಲ್ಲಾ,” ಎಂದ ಕೊನೆಗೆ. “ಇದು ಕಪ್ಪು ತುದಿದು. ರಬ್ಬರ್ ಹಾಕಿದ ಮೇಲೆ ಮುಗೀತು.”

“ಬೇರೆ ಪಟ್ಟಿ ಹಾಕಿ.”

“ಇದರದು ಎಲ್ಲೂ ಸಿಗಲ್ಲ.”

ಬಹೀಜಾ ಬೂಶ್ತಾನ ಕಡೆ ತಿರುಗಿದಳು. “ಕಪ್ಪಿಗೆ ರಬ್ಬರ್ ಯಾಕೆ ಹಾಕಿದ್ರಿ ಮಾಲೆಮ್?”

“ನಂಗೆ ಕಣ್ಣಿಲ್ಲ ತಾಯಿ. ಐದು ತಿಂಗಳಾಯ್ತು,” ಎಂದ ಬೂಶ್ತಾ, ಏನೋ ಚಿಲ್ಲರೆ ಸಂಗತಿ ಹೇಳುವವನ ಹಾಗೆ. “ಅದಕ್ಕೇ ಇವನನ್ನ ಕೇಳ್ದೆ. ಹಳದಿ ಅಂದ. ಇವನ ಕಣ್ಣು ಮಾತ್ರ ಹದ್ದಿನ ಕಣ್ಣು.”

ಹನಿಯಾ ತಂದಿದ್ದ ಚಹಾವನ್ನು ನೆಲಕ್ಕೆ ಚೆಲ್ಲಿದಳು.

“ಥೂ, ನಾಯಿ!” ಎಂದಳು.

“ಹಾಗನ್ನಬಾರದು ಹನಿಯಾ,” ಎಂದ ಮುದುಕ. “ಮಾಲೆಮ್ ಅನ್ನು.”

ಅವಳು “ಥೂ, ಮಾಲೆಮ್!” ಅಂದಳು. ಶೂ ಮಾರುವವನೂ ಅಂದ. ಬಹೀಜಾ ಬಿಚ್ಚಿದ ತುಣುಕುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಬೂಶ್ತಾ ಗೋಡೆ ತಡವುತ್ತ ಅವಳ ಹಿಂದೆಯೇ ಹೊರಟುಹೋದ, ಆ ಸಂತೆಗೆ ಮತ್ತೆ ಬರಲಿಲ್ಲ. ತಹಾಮಿ ಈಗಲೂ ಅದೇ ಸ್ಟೂಲಿನ ಮೇಲೆ ಕೂರುತ್ತಾನೆ. ಬೆಳಗಿನಿಂದ ಸಂಜೆಯ ತನಕ ಹೋಗುವವರು ಬರುವವರು, “ಏನ್ ಮಾಲೆಮ್, ಚೆನ್ನಾಗಿದೀರಾ?” ಎಂದು ಕೇಳುತ್ತಾರೆ. ರಿಪೇರಿಗೆ ಮಾತ್ರ ಯಾರೂ ಏನೂ ಕೊಡುವುದಿಲ್ಲ.