ಪರ್ಮನೆಂಟಾ, ಟೆಂಪರವರಿನಾ?

ಸಾಹೇಬನ ಕನ್ನಡಕ ಜಾರಿತು, ಇನ್ನೊಂದು ಚೂರು ಜಾರಿದರೆ ಟೀ ಲೋಟಕ್ಕೇ ಬೀಳುತ್ತದೆ, ಬೀಳಲಿ, ವಿಮೆ ಆಫೀಸಿನ ಕಿಟಕಿಯೊಳಗೆ ಕೂತ ಈ ಇಸ್ತ್ರಿ ಸಾಹೇಬನ ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮುಖದಲ್ಲಿಲ್ಲ, ಮೆದುಳಿನಲ್ಲೂ ಇರಲಿಕ್ಕಿಲ್ಲ — ಇಂಥವನು ಕಿಟಕಿಯ ಈಚೆ ಅಮ್ಮನ ಜೊತೆ ನಿಂತ ಪೇಂಟರನ ಉಚ್ಚೆಯ ಬಗ್ಗೆ ತೀರ್ಪು ಕೊಡಬೇಕಂತೆ. ರಾತ್ರಿಯ ಉಚ್ಚೆ ಚೀಲಕ್ಕೆ ಕೊಡ್ತೀವಿ, ಹಗಲು ಕಾಲಿಗೆ ಕಟ್ಟೋ ಚೀಲಕ್ಕಿಲ್ಲ, ಪೈಪಿಗೆ ಹಚ್ಚೋ ಜೆಲ್ಲಿಗಿದೆ, ಗ್ಲೌಸಿಗಿಲ್ಲ, ಪ್ರತಿ ಸಲ ಉಚ್ಚೆ ತೆಗೆಯೋಕೆ ಸೀಲ್ ಒಡೆಯದ ಹೊಸ ಪೈಪು ಕಿಟ್ ಬೇಕಂದ್ರೆ ವರ್ಷದಲ್ಲಿ ಎರಡು ಸಲ ಸೋಂಕಾಗಿ ಜ್ವರ ಬಂದಿರಬೇಕು ಎಂದು ಇಸ್ತ್ರಿ ಓದುತ್ತಾನೆ, ಆಹಾ, ಜ್ವರಕ್ಕೆ ಫೋನ್ ಮಾಡಬೇಕೇನು, ಲೋ ಜ್ವರ, ನಾನು ಕಣೋ, ಇನ್ನೊಂದ್ಸಲ ಬಂದ್ಹೋಗು, ಸಾಹೇಬ್ರು ಕಾಯ್ತಾವ್ರೆ. ನಕ್ಕರೆ ಹೊಟ್ಟೆ ಬಿಗಿಯುತ್ತದೆ, ಉಚ್ಚೆ ತುಂಬಿದೆ, ಮನೆಯಲ್ಲಿ ಉಳಿದಿರುವುದು ಒಂದೇ ಪೈಪು, ಅದನ್ನೇ ಅಮ್ಮ ಹಾಲಿನ ಪಾತ್ರೆಯಲ್ಲಿ ಕುದಿಸಿ ಕುದಿಸಿ ಕೊಡುತ್ತಾಳೆ, ಹೋದ ಸಲದ ಜ್ವರ ಅದರ ಉಡುಗೊರೆ, ಮಂಚವೇ ನಡುಗಿತ್ತು, ಸಿನಿಮಾ ಬೋರ್ಡಿನ ಮೇಲೆ ಹೀರೋನ ಮೂಗಿಗೆ ಬಣ್ಣ ಬಳಿಯುತ್ತಾ ಬಿದ್ದು ಬೆನ್ನುಮೂಳೆ ಮುರಿದ ದಿನವೂ ಅಷ್ಟು ನಡುಗಿರಲಿಲ್ಲ, ಬಿದ್ದಲ್ಲೇ ಡೈಲಾಗ್ ಹೊಡೆದಿದ್ದ, ನಾನ್ ಬಿದ್ದಿಲ್ಲ ಕಣ್ರೋ, ಭೂಮಿನೇ ಎದ್ದು ಬಂದು ನನ್ ಕಾಲಿಗೆ ಬಿತ್ತು. ಕಾಲು ವಾಪಸ್ ಬಂತಲ್ಲ, ಒಂದಕ್ಕೆ ಹೋಗೋದೂ ಬರುತ್ತೆ ಬಿಡೋ ಎನ್ನುತ್ತಾಳೆ ಅಮ್ಮ, ದಿನಾ, ಸ್ನಾನದ ಮನೆಯ ಬಾಗಿಲಾಚೆ ನಿಂತು — ಬರಲ್ಲ ಎಂದು ಡಾಕ್ಟರ್ ಹೇಳಿದ್ದು ಅವನೊಬ್ಬನಿಗೇ, ಅಮ್ಮ ಆಗ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು. ಹಾಂ, ತೊಂದರೆ ಟೆಂಪರವರಿ ಆದ್ರೆ ಒಂದು ಪೈಪಿಗೂ ದುಡ್ಡಿಲ್ಲ, ಪರ್ಮನೆಂಟ್ ಆದ್ರೆ ತಿಂಗಳಾ ತಿಂಗಳಾ ಮನೆಗೇ ಬರುತ್ತೆ, ಯಾವುದು ಹೇಳಪ್ಪ, ಇಸ್ತ್ರಿ ಹಲ್ಲಿನ ಸಂದಿ ಕೆದಕುತ್ತಾ ಕೇಳುತ್ತಾನೆ. ಡಾಕ್ಟರ್ ಬರೆದಿದ್ದಾರಲ್ಲ ಸಾರ್. ಪೇಷಂಟ್ ಬಾಯಲ್ಲೂ ಬರಬೇಕು, ರೂಲ್ಸು. ಥೂ ನಿನ್ನ ರೂಲ್ಸಿಗಿಷ್ಟು, ಕೆಲಸ ಪರ್ಮನೆಂಟ್ ಆಗಲಿಲ್ಲ, ಹುಡುಗಿ ಪರ್ಮನೆಂಟ್ ಆಗಲಿಲ್ಲ, ಜೀವನದಲ್ಲಿ ಮೊದಲ ಸಲ ಏನೋ ಪರ್ಮನೆಂಟ್ ಆಯಿತು, ಅದನ್ನು ಅಮ್ಮನ ಎದುರಿಗೇ ಹೇಳಿಸುತ್ತೀಯಾ. ಟೆಂಪರವರಿ ಸಾರ್, ಅಮ್ಮನೇ ಬಾಯಿ ಹಾಕಿದಳು, ಕಾಲೂ ಬರಲ್ಲ ಅಂದಿದ್ರು, ಬರಲಿಲ್ವಾ. ಪೆನ್ನು ಇಳಿಯುತ್ತಿದೆ, ಟೆಂಪರವರಿಯ ಮೇಲೇ ಇಳಿಯುತ್ತಿದೆ — ಪರ್ಮನೆಂಟ್ ಸಾರ್, ಸಾಯೋವರೆಗೂ. ಗುಡುಗಿನ ದನಿ ಬರಬೇಕಿತ್ತು, ಬಂದದ್ದು ಬಸ್ಸಿನಲ್ಲಿ ಚಿಲ್ಲರೆ ಕೇಳುವ ದನಿ. ಗುಡ್ ಎಂದ ಇಸ್ತ್ರಿ, ಗುಡ್ ಅಂತೆ, ಬಹುಮಾನ ಬಂದವನಿಗೆ ಹೇಳಿದ ಹಾಗೆ, ಅಷ್ಟರಲ್ಲಿ ಅಮ್ಮ ಕಿವಿಯ ಹತ್ತಿರ ಬಂದು, ಒಳ್ಳೆ ಆಕ್ಟಿಂಗ್ ಕಣೋ ಕತ್ತೆ, ನಂಬ್ಬಿಟ್ಟ ನೋಡು, ಎಂದು ಕಣ್ಣು ಹೊಡೆದಳು, ಒಂದೇ ಕಣ್ಣು ಹೊಡೆಯಲು ಅವಳಿಗೆ ಬರುವುದಿಲ್ಲ, ಎರಡೂ ಮುಚ್ಚುತ್ತವೆ, ಹೂಂ ಅನ್ನೋ ಪೇಂಟರ್, ಏನಾದರೂ ಡೈಲಾಗ್ ಹೊಡೆ, ಇಷ್ಟು ಸಿನಿಮಾ ನೋಡಿದ್ದೀಯಲ್ಲ, ಒಂದಾದರೂ — ಅಮ್ಮನ ಕಣ್ಣು ಎರಡೂ ಮುಚ್ಚಿವೆ, ಮುಂದಿನವರು ಬನ್ರೀ ಎನ್ನುತ್ತಾನೆ ಇಸ್ತ್ರಿ, ಹಿಂದಿನವನು ತಳ್ಳುತ್ತಾನೆ, ಎರಡೂ ಮುಚ್ಚಿವೆ, ಬಿಗಿಯಾಗಿ, ಇನ್ನೂ